ಬಾನೆಟ್ಟಿಗೆ ಕಿವಿಯಿಟ್ಟವನು

"ಗುರುಗಳೇ, ಜೀವ ಇರುವುದು ಎದೆಯಲ್ಲೋ, ನೆತ್ತಿಯಲ್ಲೋ?" ಎಂದು ಶಿಷ್ಯ ಕೇಳಿದ.

ಈ ವಿಷಯಕ್ಕೆ ಮಠದ ಶಿಷ್ಯರಲ್ಲಿ ಹಲವು ದಿನಗಳಿಂದ ಜಗಳ ನಡೆದಿತ್ತು. ಎದೆ ಎನ್ನುವವರು ಒಂದು ಕಡೆ, ನೆತ್ತಿ ಎನ್ನುವವರು ಇನ್ನೊಂದು ಕಡೆ. ಜೀವ ಹೆಬ್ಬೆರಳಿನಷ್ಟು ದಪ್ಪ ಎಂದು ಒಬ್ಬ ಹೇಳಿದರೆ, ಸಾಸಿವೆಗಿಂತ ಸಣ್ಣದು ಎಂದು ಮತ್ತೊಬ್ಬ ಹಟ ಹಿಡಿದಿದ್ದ. ಊಟದ ಪಂಕ್ತಿ ಕೂಡ ಎರಡಾಗಿತ್ತು. ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಜಗಳ ಮುಗಿಯುತ್ತದೆ, ಅದೂ ತನ್ನ ಪರವಾಗಿಯೇ ಮುಗಿಯುತ್ತದೆ ಎಂಬ ನಂಬಿಕೆಯಿಂದ ಶಿಷ್ಯ ಬಂದಿದ್ದ.

ಗುರುಗಳು ನಕ್ಕರು. ಮಠದ ಜೀಪು ಕೆಟ್ಟು ನಿಂತಾಗ ತಳ್ಳುವವನು ನೀನೇ ಅಲ್ಲವೇ ಎಂದು ಕೇಳಿದರು. ಶಿಷ್ಯ ಹೌದೆಂದ. ಹಾಗಾದರೆ ಈ ಕತೆ ನಿನಗೆ ತಿಳಿದೀತು, ಕೂತುಕೋ ಎಂದು ಹೇಳಿ, ಗುರುಗಳು ಕತೆಗೆ ತೊಡಗಿದರು.

ಒಂದು ಹೆದ್ದಾರಿ ಇತ್ತು. ಆ ಹೆದ್ದಾರಿಗೆ ಒಂದು ಘಾಟಿ. ಘಾಟಿ ಹತ್ತಿ ಮೇಲೆ ಬಂದ ಕೂಡಲೇ ರಸ್ತೆಯ ಪಕ್ಕ ಗ್ಯಾರೇಜುಗಳ ಸಾಲು. ಏರಿನಲ್ಲಿ ಕಾದು, ಏದುಸಿರು ಬಿಡುತ್ತ ಬರುವ ಲಾರಿಗಳೇ ಆ ಸಾಲಿನ ಅನ್ನ. ಅಲ್ಲಿ ಕಾಳಾಚಾರಿ ಎಂಬ ಮೆಕ್ಯಾನಿಕ್ ಇದ್ದ. ಡೀಸೆಲ್ ಇಂಜಿನ್ ಅವನ ಕಸುಬು.

ಕಾಳಾಚಾರಿಗೆ ಕಿವಿಯೇ ಕಣ್ಣು. ಇಂಜಿನ್ ಓಡುತ್ತಿರುವಾಗ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವನು. ಕಬ್ಬಿಣದ ಮೂಲಕ ಒಳಗಿನ ಸದ್ದು ಕಿವಿಗೆ ಬರುತ್ತದೆ. ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ ಎಂದು ಬಿಚ್ಚದೆಯೇ ಹೇಳಿಬಿಡುವನು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಈ ವಿದ್ಯೆಯನ್ನು ಎಲ್ಲ ಮೆಕ್ಯಾನಿಕ್ಕರೂ ಅಷ್ಟಿಷ್ಟು ಬಲ್ಲರು. ಆದರೆ ಕಾಳಾಚಾರಿ ಕಿವಿಗೊಟ್ಟು ಒಂದು ಮಾತು ಹೇಳಿದ ಮೇಲೆ ಆ ಸಾಲಿನಲ್ಲಿ ಎರಡನೆಯವರು ಮಾತಾಡುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಗೊತ್ತಿರುವುದೇ ಸ್ವಲ್ಪ ಹೆಚ್ಚಾಗಿತ್ತು.

ಆದರೆ ಕಾಲ ಬದಲಾಗುತ್ತಿತ್ತು. ಹೊಸ ಗಾಡಿಗಳು ಕೆಟ್ಟರೆ ಸದ್ದು ಮಾಡುವುದಿಲ್ಲ, ದೀಪ ಹತ್ತಿಸುತ್ತವೆ. ಆ ದೀಪ ಯಾಕೆ ಹತ್ತಿತು ಎಂದು ತಿಳಿಯಲು ಕಂಪ್ಯೂಟರ್ ಹಚ್ಚಬೇಕು. ಕಂಪ್ಯೂಟರ್ ಇರುವುದು ಕಂಪನಿಯ ಷೋರೂಮಿನಲ್ಲಿ. ಹೀಗೇ ಮುಂದುವರಿದರೆ ಕಿವಿಯನ್ನು ನಂಬಿ ಬದುಕಿದವನ ಗತಿ ಏನು ಎಂದು ಕಾಳಾಚಾರಿ ಒಳಗೊಳಗೇ ಹೆದರಿದ್ದ. ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳದ ಹೆದರಿಕೆಗೆ ರೆಕ್ಕೆಪುಕ್ಕ ಬೇಗ ಬರುತ್ತವೆ.

ಹೀಗಿರುವಾಗ ಆ ರಸ್ತೆಗೆ ಒಂದು ಹೊಸ ಗಾಡಿ ಬರತೊಡಗಿತು. ಡೀಸೆಲ್ ಪಿಕಪ್. ಇನ್ನೂ ಮಾರುಕಟ್ಟೆಗೆ ಬಿಟ್ಟಿರಲಿಲ್ಲ. ಕಂಪನಿಯವರು ಏರಿನಲ್ಲಿ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಗಾಡಿಯ ಆಕಾರ ಕಾಣಬಾರದೆಂದು ಮೈತುಂಬ ಕಪ್ಪು ಬಿಳಿ ಸುರುಳಿಗಳ ಸ್ಟಿಕ್ಕರ್ ಅಂಟಿಸಿದ್ದರು. ಹೆಸರಿನ ಜಾಗದಲ್ಲಿ ಟೇಪು. ಗಾಜುಗಳಿಗೆಲ್ಲ, ಒಳಗಿಂದ ಮಾತ್ರ ಹೊರಗೆ ಕಾಣುವಂಥ ಕಪ್ಪು ಹಾಳೆ. ಹಿಂದೆ ತಾರ್ಪಾಲಿನ ಕೆಳಗೆ ಮರಳಿನ ಮೂಟೆಗಳ ಭಾರ. ದಿನವೂ ಮಧ್ಯಾಹ್ನದ ಹೊತ್ತಿಗೆ ಅದು ಘಾಟಿ ಹತ್ತಿ ಬಂದು, ಗ್ಯಾರೇಜು ಸಾಲಿನ ಎದುರು ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಅದನ್ನು ಓಡಿಸುವ ಚಾಲಕ ಇಳಿದು, ಬೋರಮ್ಮನ ಅಂಗಡಿಯಲ್ಲಿ ಒಂದು ಚಹಾ ಕುಡಿದು, ಮತ್ತೆ ಹತ್ತಿ ಹೊರಟುಹೋಗುತ್ತಿದ್ದ.

ಮೆಕ್ಯಾನಿಕ್ಕರಿಗೆ ಬೇರೆ ಕೆಲಸ ಬೇಡವಾಯಿತು. ಈ ಗಾಡಿ ನಾಳೆ ಊರೂರಿಗೆ ಬರುತ್ತದೆ. ಬಂದರೆ ತಮ್ಮ ಸ್ಪ್ಯಾನರಿಗೆ ಬಗ್ಗುವ ಗಾಡಿಯೋ, ಕಂಪ್ಯೂಟರಿಗೆ ಮಾತ್ರ ಬಾಯಿ ಬಿಡುವ ಗಾಡಿಯೋ? ಅವರ ಹೊಟ್ಟೆಪಾಡು ಆ ಬಾನೆಟ್ಟಿನ ಕೆಳಗೆ ಇತ್ತು. ಆದ್ದರಿಂದ ಅವರ ಕುತೂಹಲವನ್ನು ತಪ್ಪೆನ್ನಲಾಗದು. ಆದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ಒಂದೇ ಕುಲಾವಿಗೆ ನಿಲ್ಲುವುದಿಲ್ಲ. ಸಿಲಿಂಡರ್ ಮೂರು ಎಂದರು, ನಾಲ್ಕು ಎಂದರು. ಒಳಗೆ ಬೆಲ್ಟ್ ಇದೆ ಎಂದರು, ಚೈನ್ ಎಂದರು. ಬಾನೆಟ್ ಎತ್ತಿ ನೋಡಿದವನು ಒಬ್ಬನೂ ಇರಲಿಲ್ಲ. ಚಾಲಕ ಗಾಡಿಯ ಮೇಲೆ ಯಾರ ಕೈಯನ್ನೂ ಬೀಳಗೊಡುತ್ತಿರಲಿಲ್ಲ.

ಚಾಲಕನನ್ನು ಕೇಳಿ ನೋಡಿದರು. ಚಹಾಕ್ಕೆ ಬನ್ನು ಕೊಡಿಸಿದರು. ಅವನು ಸಾಧು ಮನುಷ್ಯ, ಐವತ್ತರ ಆಚೆಯವನು. ಬನ್ನನ್ನು ತಿಂದು, ತನಗೇನೂ ತಿಳಿಯದು, ಓಡಿಸುವುದಷ್ಟೇ ತನ್ನ ಕೆಲಸ ಎಂದು ಕೈ ಮುಗಿಯುತ್ತಿದ್ದ. ಗಾಡಿಯ ವಿಷಯ ಹೊರಗೆ ಹೇಳಬಾರದೆಂದು ಕಂಪನಿಯ ಕಟ್ಟಪ್ಪಣೆ. ಗಾಡಿಯ ವಿಷಯ ಬಿಟ್ಟು ಬೇರೆ ಏನನ್ನಾದರೂ ಕೇಳಿದ್ದರೆ ಅವನು ಸಂತೋಷದಿಂದ ಹೇಳುತ್ತಿದ್ದ. ಬೇರೆ ಏನನ್ನೂ ಯಾರೂ ಕೇಳಲಿಲ್ಲ.

ಅವನು ಹೇಳದೆ ಹೋದದ್ದನ್ನು ಅವನ ಮೈಯಿಂದಲೇ ತಿಳಿಯುತ್ತೇವೆ ಎಂದು ಮೆಕ್ಯಾನಿಕ್ಕರು ಹೊರಟರು. ಒಂದು ದಿನ ಅವನು ಇಳಿದಾಗ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ವೈರಿಂಗ್ ಕೆಲಸದ ಓಬಳೇಶ ಅದನ್ನು ನೋಡಿ, ಗಾಡಿಗೆ ಇನ್ನೂ ಎಸಿ ಕೂಡಿಸಿಲ್ಲ ಎಂದು ತೀರ್ಪು ಕೊಟ್ಟ. ಇನ್ನೊಂದು ದಿನ ಚಾಲಕ ಚಹಾ ಬೇಡವೆಂದು ಸೋಡಾ ಕುಡಿದು, ಎದೆ ನೀವಿಕೊಳ್ಳುತ್ತ ಕೂತ. ಕಾಳಾಚಾರಿ ಅದನ್ನು ದೂರದಿಂದಲೇ ಕಂಡು, ಹಿಂದಿನ ಸ್ಪ್ರಿಂಗ್ ಪ್ಲೇಟು ಬಿರುಸಾಗಿದೆ, ಎತ್ತಿಹಾಕುತ್ತಿದೆ ಎಂದ. ಮತ್ತೊಂದು ದಿನ ಅವನು ಎಡಗೈಯನ್ನು ಉದ್ದಕ್ಕೂ ಒತ್ತಿಕೊಳ್ಳುತ್ತಿದ್ದ. ಗೇರು ಬಿಗಿ ಇದೆ ಎಂದು ಎಲ್ಲರೂ ಒಪ್ಪಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಒಬ್ಬ ಒಂದು ಹೇಳಿದರೆ ಉಳಿದವರು ಅದರ ಮೇಲೆ ಇನ್ನೊಂದು ಪೇರಿಸುತ್ತಿದ್ದರು.

ಕೊನೆಗೆ ಎಲ್ಲ ವಾದವೂ ಒಂದು ಪ್ರಶ್ನೆಗೆ ಬಂದು ನಿಂತಿತು. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಈ ಗಾಡಿಗೆ ಒಂದೋ, ಎರಡೋ?

ಇದನ್ನು ತಿಳಿಯಲು ಅವರಿಗೊಂದು ದಾರಿ ಇತ್ತು. ಏರು ಹತ್ತಿ ಬಂದ ಗಾಡಿಯ ಟರ್ಬೊ ನಿಗಿನಿಗಿ ಕೆಂಡ. ಬಂದ ಕೂಡಲೇ ಇಂಜಿನ್ ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು ಟರ್ಬೊ ಸುಟ್ಟುಹೋಗುತ್ತದೆ. ಆದ್ದರಿಂದ ಬಲ್ಲ ಚಾಲಕರು ಗಾಡಿ ನಿಲ್ಲಿಸಿದ ಮೇಲೂ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, ಸೀಟಿನಲ್ಲೇ ಕೂತಿರುತ್ತಾರೆ. ಟರ್ಬೊ ತಣಿದ ಮೇಲೆ ನಿಲ್ಲಿಸಿ ಇಳಿಯುತ್ತಾರೆ. ಈ ಚಾಲಕನೂ ದಿನಾ ಹಾಗೆಯೇ ಮಾಡುತ್ತಿದ್ದ. ಅವನು ಕೂರುವ ಹೊತ್ತು ಬೇರೆ ಗಾಡಿಗಳವರಿಗಿಂತ ಹೆಚ್ಚಾದರೆ ಎರಡು ಟರ್ಬೊ, ಇಲ್ಲದಿದ್ದರೆ ಒಂದು. ಇದು ಗ್ಯಾರೇಜಿನ ಶಾಸ್ತ್ರ.

ಗಾಡಿ ಏರು ಹತ್ತುವ ಸದ್ದನ್ನು ಕೇಳಿಯೇ ಕಾಳಾಚಾರಿ ಎರಡು ಎಂದ. ಪಕ್ಕದ ಗ್ಯಾರೇಜಿನ ದಾದಾಪೀರ್ ಒಂದೇ ಎಂದ. ದಾದಾಪೀರ್ ಹಳೆಯ ಗೆಳೆಯ, ಅಷ್ಟೇ ಹಳೆಯ ಪೈಪೋಟಿಗಾರ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಸಮಾನರು. ಮಾತಿಗೆ ಮಾತು ಬೆಳೆಯಿತು. ಕಂಪ್ಯೂಟರ್ ಕಾಲದಲ್ಲಿ ಇನ್ನೂ ಸ್ಕ್ರೂಡ್ರೈವರಿಗೆ ಕಿವಿ ಕೊಡುವವನ ಮಾತನ್ನು ಯಾರು ಕೇಳುತ್ತಾರೆ ಎಂದು ದಾದಾಪೀರ್ ಚುಚ್ಚಿದ. ಕಾಳಾಚಾರಿಗೆ ತಾಗಬಾರದ ಜಾಗಕ್ಕೇ ತಾಗಿತು. ಎಲ್ಲರ ಎದುರು ಸ್ಕ್ರೂಡ್ರೈವರ್ ಎತ್ತಿ ಹಿಡಿದು ಅವನು ಆಣೆ ಮಾಡಿದ. ಈ ಗಾಡಿಯ ವಿಷಯದಲ್ಲಿ ತನ್ನ ಕಿವಿ ಸುಳ್ಳಾದರೆ ಇನ್ನು ಮುಂದೆ ಯಾವ ಇಂಜಿನ್ನಿಗೂ ಕಿವಿ ಕೊಡುವುದಿಲ್ಲ, ಅಂದೇ ಕಸುಬು ಬಿಡುತ್ತೇನೆ ಎಂದ.

ಅಲ್ಲಿಗೆ ಆಟ ಆಟವಾಗಿ ಉಳಿಯಲಿಲ್ಲ. ಆಣೆ ಮಾಡಿದ ಮೇಲೆ ಕಾಳಾಚಾರಿಗೆ ಊಟ ಸೇರಲಿಲ್ಲ. ಬಾಯಿ ಜಾರಿ ಬದುಕನ್ನೇ ಪಣಕ್ಕಿಟ್ಟು ಕೂತಿದ್ದ. ಓಬಳೇಶನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಮರುದಿನ ಗಾಡಿ ನಿಂತ ಕ್ಷಣದಿಂದ ಇಂಜಿನ್ ನಿಲ್ಲುವ ಕ್ಷಣದವರೆಗೆ ಅವನು ತನ್ನ ಮೊಬೈಲಿನಲ್ಲಿ ಹೊತ್ತು ಅಳೆಯಬೇಕು ಎಂದು ತೀರ್ಮಾನವಾಯಿತು.

ಮರುದಿನ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಗಾಡಿ ಬಂತು. ಅಂದು ಎಂದಿಗಿಂತ ನಿಧಾನವಾಗಿ ಬಂತು. ಮರದ ಕೆಳಗೆ ಸೊಟ್ಟಗೆ ನಿಂತಿತು. ಮುಂದಿನ ಒಂದು ಚಕ್ರ ಬೇರಿನ ಮೇಲೆ ಹತ್ತಿತ್ತು. ಸ್ಟೀರಿಂಗ್ ಸರಿಯಿಲ್ಲ ಎಂದು ದಾದಾಪೀರ್ ಗೊಣಗಿದ. ಓಬಳೇಶ ಮೊಬೈಲ್ ಒತ್ತಿದ.

ಇಂಜಿನ್ ಓಡುತ್ತಲೇ ಇತ್ತು. ದಿನವೂ ಇಳಿಯುವ ಹೊತ್ತು ಕಳೆಯಿತು. ಚಾಲಕ ಇಳಿಯಲಿಲ್ಲ. ಕಾಳಾಚಾರಿಯ ಮುಖ ಅರಳಿತು. ಅವನು ದಾದಾಪೀರನ ಕಡೆ ನೋಡಿದ. ದಾದಾಪೀರ್ ಬೇರೆ ಕಡೆ ನೋಡಿದ.

ಆಗ ಹಾರ್ನ್ ಒಮ್ಮೆ ಚೀರಿ ನಿಂತಿತು. ಮುಂದೆ ರಸ್ತೆಯಲ್ಲಿ ಯಾರೂ ಅಡ್ಡ ಇರಲಿಲ್ಲ. ಹಾರ್ನಿನ ವೈರು ಶಾರ್ಟ್ ಆಗಿದೆ ಎಂದು ಓಬಳೇಶ ಹೇಳಿದ. ಸ್ವಲ್ಪ ಹೊತ್ತಿಗೆ ವೈಪರ್ ಒಂದು ಸಲ ಗಾಜಿನ ಮೇಲೆ ಹೋಗಿ ಬಂತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಓಬಳೇಶ ತೊಡೆ ತಟ್ಟಿ ನಕ್ಕ. ಇಷ್ಟು ದೊಡ್ಡ ಕಂಪನಿ, ಇಷ್ಟು ಕೆಟ್ಟ ವೈರಿಂಗ್, ಗಾಡಿ ಮಾರುಕಟ್ಟೆಗೆ ಬಂದರೆ ನನ್ನ ಮಕ್ಕಳು ಉದ್ಧಾರವಾದರು ಎಂದ. ಎಲ್ಲರಿಗೂ ನಗು ಬಂತು. ಬಹಳ ದಿನಗಳ ಮೇಲೆ ಆ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದರು.

ಕಾಳಾಚಾರಿಗೆ ಧೈರ್ಯ ಬಂತು. ಅಂದು ಗಾಡಿಯ ಹತ್ತಿರ ಹೋದರೂ ಬೇಡವೆನ್ನಲು ಚಾಲಕ ಇಳಿದು ಬಂದಿರಲಿಲ್ಲ. ಇಂಥ ಅವಕಾಶ ಮತ್ತೆ ಸಿಗದು. ಅವನು ಸ್ಕ್ರೂಡ್ರೈವರ್ ಹಿಡಿದು ರಸ್ತೆ ದಾಟಿದ. ಉಳಿದವರು ಹಿಂದೆ ಬಂದರು. ಚಾಲಕನ ಬಾಗಿಲು ರಸ್ತೆಯ ಕಡೆಗಿತ್ತು. ಅವರು ಅದನ್ನು ಹಾದು ಬಂದು ಮುಂದೆ, ಬಾನೆಟ್ಟಿನ ಸುತ್ತ ನಿಂತರು. ಕಾಳಾಚಾರಿ ಸ್ಕ್ರೂಡ್ರೈವರಿನ ತುದಿಯನ್ನು ಬಾನೆಟ್ಟಿನ ಅಂಚಿಗೆ ಊರಿದ. ಹಿಡಿಯನ್ನು ಕಿವಿಗೆ ಒತ್ತಿದ. ಕಣ್ಣು ಮುಚ್ಚಿದ.

ಮೊದಲು ಅವನಿಗೆ ಇಂಜಿನ್ನಿನ ಸದ್ದು ಕೇಳಿಸಿತು. ಒಳ್ಳೆಯ ಇಂಜಿನ್. ಹದವಾಗಿ ಓಡುತ್ತಿತ್ತು. ಆಮೇಲೆ ಅದರ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಲೋಹಕ್ಕೆ ಲೋಹ ಬಡಿಯುವ ಸದ್ದು. ಟಕ್. ಟಕ್. ಟಕ್.

ಕಾಳಾಚಾರಿಯ ಎದೆ ಹಿಗ್ಗಿತು. ಕನೆಕ್ಟಿಂಗ್ ರಾಡಿನ ಬೇರಿಂಗ್ ಸಡಿಲವಾದರೆ ಇಂಥದೇ ಬಡಿತ. ಕಂಪನಿಯ ಇಂಜಿನಿಯರುಗಳಿಗೆ ಕಾಣದ ದೋಷ, ಅವರ ಕಂಪ್ಯೂಟರಿಗೆ ಸಿಗದ ದೋಷ, ಮುಚ್ಚಿದ ಬಾನೆಟ್ಟಿನ ಮೇಲಿಂದ ತನ್ನ ಕಿವಿಗೆ ಸಿಕ್ಕಿತ್ತು. ಕಾಲ ಎಷ್ಟೇ ಬದಲಾಗಲಿ, ಇಂಜಿನ್ ಇರುವವರೆಗೆ ತನ್ನ ಕಿವಿಗೆ ಅನ್ನ ಇದೆ. ಅವನ ಕಣ್ಣಲ್ಲಿ ನೀರು ಬಂತು.

ಒಳಗೆ ಬಡಿತ ಇದೆ ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ದಾದಾಪೀರ್ ನಂಬದೆ ಸ್ಕ್ರೂಡ್ರೈವರ್ ಇಸಿದುಕೊಂಡು ತಾನೂ ಕಿವಿಯಿಟ್ಟ. ಅವನ ಹುಬ್ಬು ಮೇಲೇರಿತು. ಹೌದೆಂದು ತಲೆಯಾಡಿಸಿದ. ವೈರಿಯೇ ಒಪ್ಪಿದ ಮೇಲೆ ಇನ್ನೇನು ಬೇಕು? ಓಬಳೇಶ ಕೂಡ ಒಮ್ಮೆ ಕೇಳಿ ನೋಡಿದ. ಯಾವ ಸಿಲಿಂಡರಿನದು ಎಂದು ಮೂವರೂ ಚರ್ಚೆಗೆ ಬಿದ್ದರು. ಒಬ್ಬನಾದ ಮೇಲೆ ಒಬ್ಬ ಆ ಬಡಿತವನ್ನು ಕೇಳಿದರು. ಪ್ರಸಾದ ತೆಗೆದುಕೊಳ್ಳುವವರ ಹಾಗೆ ಸರದಿಯಲ್ಲಿ ಕೇಳಿದರು.

ಅಷ್ಟರಲ್ಲಿ ಬೋರಮ್ಮ ಚಹಾದ ಲೋಟ ಹಿಡಿದು ಅಂಗಡಿಯಿಂದ ಈಚೆ ಬಂದಳು. ಚಹಾ ಆರಿಹೋಗುತ್ತಿದೆ ಎಂಬುದೇ ಅವಳ ಚಿಂತೆ.

"ಯಾಕಣ್ಣ, ಆ ಯಪ್ಪ ಇನ್ನೂ ಇಳಿದೇ ಇಲ್ವಲ್ಲ?" ಎಂದಳು.

"ಸುಮ್ಕಿರವ್ವ, ಸದ್ದು ಕೇಳಿಸ್ಬೇಕು" ಎಂದ ಕಾಳಾಚಾರಿ.

ಬೋರಮ್ಮ ಸುಮ್ಮನಾದಳು. ಅವಳ ಅಂಗಡಿಗೆ ದಿನಾ ಬರುವ ಗಿರಾಕಿಗಳು ಅವರು. ಕಾಳಾಚಾರಿ ಮತ್ತೆ ಕಿವಿಯಿಟ್ಟ.

ಆಗ ಇಂಜಿನ್ನಿನ ಓಟ ಇದ್ದಕ್ಕಿದ್ದಂತೆ ಜೋರಾಯಿತು. ಯಾರೋ ಆಕ್ಸಿಲರೇಟರನ್ನು ತಳದವರೆಗೆ ಒತ್ತಿದ ಹಾಗೆ ಇಂಜಿನ್ ಅಬ್ಬರಿಸಿತು. ಮತ್ತೆ ಇಳಿಯಿತು. ಕಾಳಾಚಾರಿ ಬಡಿತವನ್ನೇ ಹಿಡಿದು ನಿಂತಿದ್ದ. ಇಂಜಿನ್ ಜೋರಾದಾಗ ಬಡಿತವೂ ಜೋರಾಗಬೇಕು. ರಾಡಿನ ಬಡಿತ ಇಂಜಿನ್ನಿನ ಓಟವನ್ನು ಬಿಟ್ಟು ಇರಲಾರದು. ಕಸುಬು ಕಲಿಯಲು ಬಂದವನಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠ ಅದು. ಆದರೆ ಈ ಬಡಿತ ಜೋರಾಗಲಿಲ್ಲ. ಇಂಜಿನ್ ಅಬ್ಬರಿಸುತ್ತಿದ್ದಾಗಲೇ ಬಡಿತ ನಿಧಾನವಾಯಿತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಂದು ಹೆಚ್ಚಿತು. ಟಕ್. ಆಮೇಲೆ ಬಹಳ ಹೊತ್ತಿಗೆ ಇನ್ನೊಂದು ಟಕ್.

ಇದೆಂಥ ಇಂಜಿನ್ ಎಂದು ಕಾಳಾಚಾರಿ ಬೆರಗಾದ. ತನ್ನ ಕಿವಿ ತಪ್ಪಿತು ಎಂದು ಅವನಿಗೆ ಅನ್ನಿಸಲಿಲ್ಲ. ಕಂಪನಿಯವರು ಯಾವುದೋ ಹೊಸ ತಂತ್ರ ಮಾಡಿದ್ದಾರೆ, ಒಳಗೆ ತಾವು ಕಂಡು ಕೇಳರಿಯದ ಏನೋ ಇದೆ ಎಂದುಕೊಂಡ. ಅಷ್ಟು ದಿನ ಊಹಿಸಿ ಊಹಿಸಿ ಅವನ ಬುದ್ಧಿಗೆ ಒಂದೇ ದಾರಿ ಉಳಿದಿತ್ತು. ಎಲ್ಲಿಂದ ಹೊರಟರೂ ಅದು ಇಂಜಿನ್ನಿಗೇ ಹೋಗಿ ಸೇರುತ್ತಿತ್ತು.

ಮತ್ತೆ ಕೇಳಿದ. ಬಡಿತ ಇರಲಿಲ್ಲ. ಸ್ಕ್ರೂಡ್ರೈವರನ್ನು ಬೇರೆ ಜಾಗಕ್ಕೆ ಊರಿ ಕೇಳಿದ. ಇರಲಿಲ್ಲ. ಇಂಜಿನ್ ಮಾತ್ರ ಹದವಾಗಿ, ಒಂದೇ ಸಮನೆ ಓಡುತ್ತಿತ್ತು.

"ಇಂಜಿನ್ ಓಡ್ತಾ ಐತೆ. ಬಡಿತ ನಿಂತೋತು" ಎಂದ.

ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದಾಗ ಅವನಿಗೆ ತಿಳಿಯಿತು. ಇಂಜಿನ್ನಿನ ಬಡಿತ ಇಂಜಿನ್ ನಿಲ್ಲದೆ ನಿಲ್ಲುವುದಿಲ್ಲ. ಇಂಜಿನ್ ಓಡುತ್ತಿರುವಾಗಲೇ ನಿಂತ ಬಡಿತ ಇಂಜಿನ್ನಿನದಲ್ಲ. ಸ್ಕ್ರೂಡ್ರೈವರ್ ಕೈಯಿಂದ ಬಿತ್ತು. ಬಾನೆಟ್ಟಿನಿಂದ ಚಾಲಕನ ಬಾಗಿಲಿಗೆ ಇರುವುದು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಡಲು ಅವನು ಗಾಡಿಯ ಮೈ ಹಿಡಿದುಕೊಳ್ಳಬೇಕಾಯಿತು.

ಬಾಗಿಲು ಎಳೆದ. ಚಾಲಕ ಅವನ ಮೇಲೆಯೇ ವಾಲಿಬಿದ್ದ.

ಅವನ ಮುಖ ಬೂದಿ ಬಣ್ಣವಾಗಿತ್ತು. ಅಂಗಿ ಒದ್ದೆ. ಎಡಗೈ ಎದೆಯ ಮೇಲಿತ್ತು. ಬಲಗೈಯ ಬೆರಳಲ್ಲಿ ಒಂದು ತಾಮ್ರದ ಉಂಗುರ. ಬಾಗಿಲ ಒಳಗಿನ ಲೋಹದ ಪಟ್ಟಿಯ ಮೇಲೆ, ಆ ಉಂಗುರ ಬಡಿದಲ್ಲೆಲ್ಲ ಬಣ್ಣ ಎದ್ದಿತ್ತು. ಒಂದು ಕಡೆ ಅಲ್ಲ, ಹಲವು ಕಡೆ. ಕಪ್ಪು ಗಾಜಿನ ಒಳಗಿಂದ ಅವನಿಗೆ ಹೊರಗಿನದೆಲ್ಲ ಕಾಣುತ್ತಿತ್ತು. ತನ್ನ ಎದುರಿಗೇ ಮೂವರು ನಿಂತು ಕಿವಿಯಿಟ್ಟು ಕೇಳುತ್ತಿದ್ದುದನ್ನು ಅವನು ನೋಡಿದ್ದ. ಕೇಳಿಸಿತು ಎಂದು ತಲೆಯಾಡಿಸಿದ್ದನ್ನೂ ನೋಡಿದ್ದ. ಕೇಳಿಸಿತಲ್ಲ, ಇನ್ನು ಬರುತ್ತಾರೆ ಎಂದು ಮತ್ತೂ ಬಡಿದಿದ್ದ.

ಬೋರಮ್ಮನ ಕೈಯಿಂದ ಲೋಟ ಬಿತ್ತು. ದಾದಾಪೀರ್ ಅವನನ್ನು ನೆಲಕ್ಕೆ ಮಲಗಿಸಿ, ತಿಳಿದ ಹಾಗೆ ಎದೆ ಒತ್ತಿದ. ಅಳುತ್ತ ಒತ್ತಿದ. ಓಬಳೇಶ ಯಾರದೋ ರಿಪೇರಿಗೆ ಬಂದ ವ್ಯಾನು ತಂದ. ಪೇಟೆಯ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಕಾಳಾಚಾರಿ ಅವನ ಎದೆಗೆ ಕಿವಿಯಿಟ್ಟುಕೊಂಡೇ ಕೂತಿದ್ದ. ಅಂಥ ಕಿವಿಗೂ ಒಳಗಿಂದ ಏನೂ ಕೇಳಿಸಲಿಲ್ಲ.

ವೈದ್ಯರು ನೋಡಿದರು. ಹೃದಯಾಘಾತ ಎಂದರು. ಜೀವ ಹೋಗಿದೆ, ತಡ ಮಾಡಿ ತಂದಿರಿ ಎಂದರು. ಆಮೇಲೆ, ಬರೆದುಕೊಳ್ಳಲು, ಎದೆನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಸಹಜವಾಗಿ ಕೇಳಿದರು. ಓಬಳೇಶ ಜೇಬಿನಿಂದ ಮೊಬೈಲ್ ತೆಗೆದ. ಟರ್ಬೊ ಒಂದೋ ಎರಡೋ ಎಂದು ತಿಳಿಯಲು ಒತ್ತಿದ್ದ ಲೆಕ್ಕ ಅದರಲ್ಲಿ ಇನ್ನೂ ಓಡುತ್ತಿತ್ತು. ಅವನು ಅದನ್ನು ನಿಲ್ಲಿಸಲು ಹೋದ. ಆಗಲಿಲ್ಲ. ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟ.

ಕಂಪನಿಯವರು ಸಂಜೆಯೊಳಗೆ ಬಂದು ಗಾಡಿಯನ್ನು ದೊಡ್ಡ ಲಾರಿಯ ಮೇಲೆ ಹೇರಿಕೊಂಡು ಹೋದರು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಇಂಜಿನ್ ಸರಿಯಿತ್ತು, ವೈರಿಂಗ್ ಸರಿಯಿತ್ತು, ಸ್ಟೀರಿಂಗ್ ಸರಿಯಿತ್ತು. ಮುಂದೆ ಅದು ಮಾರುಕಟ್ಟೆಗೂ ಬಂತು. ಆ ಸಾಲಿಗೆ ರಿಪೇರಿಗೂ ಬಂತು. ಬಾನೆಟ್ ಎತ್ತಿದವರಿಗೆ ಒಳಗೆ ಎಷ್ಟು ಟರ್ಬೊ ಇವೆ ಎಂದು ಕಂಡೇ ಇರಬೇಕು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕಾಳಾಚಾರಿ ಆಣೆಯನ್ನು ಉಳಿಸಿಕೊಂಡ. ಮತ್ತೆ ಯಾವ ಇಂಜಿನ್ನಿಗೂ ಕಿವಿ ಕೊಡಲಿಲ್ಲ. ಕೊಟ್ಟಿದ್ದರೂ ಉಪಯೋಗವಿರಲಿಲ್ಲ. ಯಾವ ಗಾಡಿ ಹತ್ತಿರ ಬಂದು ನಿಂತರೂ, ಅದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಅವನಿಗೆ ಅದರೊಳಗೆ ಯಾರೋ ಬಡಿಯುವುದು ಕೇಳಿಸುತ್ತದೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬಿಳಿಚಿತ್ತು. ಕೇಳಲು ಬಂದ ಎದೆ, ನೆತ್ತಿ ಎರಡೂ ಅವನಿಗೆ ಮರೆತುಹೋಗಿದ್ದವು. ಆದರೂ ವಾದದ ರುಚಿ ಹತ್ತಿದ ನಾಲಗೆ ಸುಮ್ಮನಿರಲಿಲ್ಲ.

"ಗುರುಗಳೇ, ಅಷ್ಟು ಬಲ್ಲವನ ಕಿವಿಗೇ ತಿಳಿಯದೆ ಹೋಯಿತು. ಹಾಗಿರುವಾಗ, ಒಳಗೆ ಇರುವವನನ್ನು ನಮ್ಮಂಥವರು ತಿಳಿಯುವುದು ಹೇಗೆ?" ಎಂದ.

ಗುರುಗಳು ಎದ್ದು ನಿಂತು, ಹೊದೆದ ವಸ್ತ್ರವನ್ನು ಹೆಗಲಿಗೆ ಎಳೆದುಕೊಂಡು ಹೇಳಿದರು:

"ಬಾಗಿಲಿಗೆ ಬೀಗ ಹಾಕಿರಲಿಲ್ಲ."